ಹೊಸ ಹುಡುಗ ಗುದ್ದಿದರೆ ಇಲ್ಲಿ ಬೈಯುತ್ತಾರೆ, ನಮ್ಮಲ್ಲಿ?

ಅಮೆರಿಕದ ಷಾರ್ಲೆಟ್‌ನ ನಮ್ಮ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಕೆಲಸದ ಮಾತಾಡುವವನು ಹುಚ್ಚ. ಕಾಫಿ ಮಷಿನ್ ಹತ್ತಿರ ನಾಸ್ಕಾರ್ ಕಾರ್ ರೇಸ್ ಬಿಟ್ಟರೆ ಬೇರೆ ವಿಷಯವೇ ಇಲ್ಲ. ಕಾನ್‌ಕರ್ಡ್, ಮೂರ್ಸ್‌ವಿಲ್ ಸುತ್ತಮುತ್ತಲೇ ಹೆಚ್ಚಿನ ರೇಸ್ ಟೀಮುಗಳ ಗ್ಯಾರೇಜುಗಳಿರುವುದರಿಂದ ಯಾರದೋ ಭಾವಮೈದ ಟೈರ್ ಬದಲಿಸುತ್ತಾನೆ, ಯಾರದೋ ಪಕ್ಕದ ಮನೆಯವನು ಇಂಜಿನ್ ಕಟ್ಟುತ್ತಾನೆ. ಎಲ್ಲರಿಗೂ ಒಳಗಿನ ಸುದ್ದಿ ಗೊತ್ತು!

2024ರ ಜೂನ್ ಕೊನೆಗೆ ನ್ಯಾಶ್‌ವಿಲ್ ರೇಸ್ ನಡೆದ ವಾರ ಎಲ್ಲರ ಬಾಯಲ್ಲೂ ಕಾರ್ಸನ್ ಹೋಸೆವಾರ್. ವಯಸ್ಸು 21, ನಾಸ್ಕಾರ್‌ನ ಅತಿ ದೊಡ್ಡ ಸರಣಿಯಾದ ಕಪ್‌ನಲ್ಲಿ ಮೊದಲ ವರ್ಷ. ಹೊಸಬ ಅಂತ ಕಾರಿನ ಹಿಂದಿನ ಬಂಪರಿಗೆ ಹಳದಿ ಪಟ್ಟಿ. ಹಳದಿ ಬಾವುಟ ಬಿದ್ದು ಎಲ್ಲರೂ ನಿಧಾನಕ್ಕೆ ಹೋಗುತ್ತಿದ್ದಾಗ ಈ ಹುಡುಗ ಹ್ಯಾರಿಸನ್ ಬರ್ಟನ್ ಕಾರಿನ ಬಲ ಹಿಂಬದಿಗೆ ತನ್ನ ಮೂತಿ ಕೊಟ್ಟು ತಿರುಗಿಸಿಬಿಟ್ಟಿದ್ದ. ಹಿಂದಿನಿಂದ ನೇರವಾಗಿ ತಟ್ಟಿದರೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಆಟದ ಭಾಗ. ಆದರೆ ಬಲ ಮೂಲೆಗೆ ಕೊಟ್ಟರೆ ಮುಂದಿನ ಕಾರಿನ ಮೂತಿ ಬಲಕ್ಕೆ ತಿರುಗಿ ಸೀದಾ ಹೊರಗೋಡೆಗೆ ಹೋಗುತ್ತದೆ. ಫುಲ್ ಸ್ಪೀಡಲ್ಲಿದ್ದರೆ ಜೀವಕ್ಕೇ ಸಂಚಕಾರ.

ನಮ್ಮ ಟೀಮಿನಲ್ಲಿ ರಿಟೈರ್‌ಮೆಂಟ್ ಹತ್ತಿರ ಬಂದ ಹಿರಿಯರೊಬ್ಬರಿದ್ದಾರೆ. ವರ್ಷವಿಡೀ ತಲೆ ಮೇಲೆ 3ನೇ ನಂಬರಿನ ಟೋಪಿ. ಅವರು ಆ ಹುಡುಗನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಬ್ಬಾ, ಕೊನೆಗೂ ನಮ್ಮ ಥರ ಯೋಚಿಸುವ ಅಮೆರಿಕದವರು ಸಿಕ್ಕರು ಅಂದುಕೊಂಡು ನಾನೂ ಸೇರಿಸಿದೆ: "ಮೊದಲ ವರ್ಷಕ್ಕೇ ಇಷ್ಟು ಕೊಬ್ಬು ಇರಬಾರದು. ಒಂದಷ್ಟು ದಿನ ಮನೇಲಿ ಕೂರಿಸಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೂರಿಸೋದಾ? ಯಾಕೆ? ಅವನು ಎಂಥಾ ಡ್ರೈವರ್ ಗೊತ್ತಾ ನಿನಗೆ?"

ಚುರ್ ಅಂತು. ಇಷ್ಟೊತ್ತು ಬೈದವರು ಇವರೇ ಅಲ್ವಾ?

ಆ ಟೋಪಿಯ 3ನೇ ನಂಬರ್ ಹಳೆಯ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಅವರ ಕಾರಿನದ್ದು. 1979ರಲ್ಲಿ ವರ್ಷದ ಹೊಸಬ, ಮರುವರ್ಷವೇ ಚಾಂಪಿಯನ್, ಒಟ್ಟು 7 ಸಲ. 1999ರಲ್ಲಿ ಬ್ರಿಸ್ಟಲ್‌ನಲ್ಲಿ ಕೊನೆಯ ಸುತ್ತಿನಲ್ಲಿ ಟೆರ್ರಿ ಲಬಾಂಟಿಗೆ ಹಿಂದಿನಿಂದ ಕೊಟ್ಟು, ತಿರುಗಿಸಿ, ಗೆದ್ದರು. ಸ್ಟ್ಯಾಂಡಿನ ಜನ ಹೋ ಅಂತ ಕೂಗಿ ಛೀಮಾರಿ ಹಾಕಿದರು. ಹಾಗೆ ಕೂಗಿದವರಲ್ಲಿ ಎಷ್ಟೋ ಜನ ಇವತ್ತು ಅದೇ ಟೋಪಿ ಹಾಕಿಕೊಂಡು ಓಡಾಡುತ್ತಿದ್ದರೂ ನನಗೆ ಆಶ್ಚರ್ಯವಿಲ್ಲ. ಇಲ್ಲಿನವರು ಬೈಯುವುದು ಬೇರೆ, ಜಾಗ ಕೊಡದೆ ಇರುವುದು ಬೇರೆ. ನಮ್ಮಲ್ಲಿ ಎರಡೂ ಒಂದೇ. ಸಾಲದ್ದಕ್ಕೆ ನಾವು ಬೈಯುವುದೂ ಇಲ್ಲ.

ಹಾಸನದಲ್ಲಿ ಭಾನುವಾರದ ಟೆನಿಸ್ ಬಾಲ್ ಮ್ಯಾಚು. ನಮ್ಮ ಬೀದಿಗೆ ಹೊಸದಾಗಿ ಬಂದ ಹುಡುಗನೊಬ್ಬ ಎದುರು ಟೀಮಿನ ಕ್ಯಾಪ್ಟನ್ ಅಣ್ಣನಿಗೆ ಬೌನ್ಸರ್ ಹಾಕಿದ. ಅಣ್ಣನ ಟೋಪಿ ಹಾರಿತು, ನಾಲ್ಕು ಜನ ನಕ್ಕರು. ಯಾರೂ ಒಂದು ಮಾತು ಬೈಯಲಿಲ್ಲ. ಮುಂದಿನ ಭಾನುವಾರ ಅವನು ಬಂದಾಗ, "ಇವತ್ತು ಟೀಮ್ ಫುಲ್ ಕಣೋ, ಸುಮ್ನೆ ಅಂಪೈರಿಂಗ್ ಮಾಡು" ಅಂದರು. ಅದರ ಮುಂದಿನ ಭಾನುವಾರವೂ ಫುಲ್. ನಮ್ಮ ಬೀದಿಯ ಅತ್ಯಂತ ವೇಗದ ಬೌಲರ್ ಆ ಬೇಸಿಗೆಯಿಡೀ ವೈಡು, ನೋಬಾಲು ಅಂತ ಕೈ ಎತ್ತಿಕೊಂಡು ನಿಂತಿದ್ದ. ತಪ್ಪೇನು ಅಂತ ಅವನಿಗೆ ಯಾರೂ ಹೇಳಲೇ ಇಲ್ಲ.

ಹೋಸೆವಾರ್‌ಗೆ ಹೇಳಿದರು. 50,000 ಡಾಲರ್ ದಂಡ, 25 ಪಾಯಿಂಟ್ ಕಟ್. ಎಲ್ಲರಿಗೂ ಗೊತ್ತಾಗುವ ಹಾಗೆ, ಲೆಕ್ಕ ಹಾಕಿ. ಲೆಕ್ಕ ಚುಕ್ತಾ ಆದಮೇಲೆ ಮತ್ತೆ ಓಡಿಸಿದ. ಆ ಸಾಲಿನ ಅತ್ಯುತ್ತಮ ಹೊಸಬ ಅನ್ನುವ ಪ್ರಶಸ್ತಿಯೂ ಅವನಿಗೇ ಬಂತು. ಹೊಸಬರಿಗಷ್ಟೇ ಈ ಶಿಕ್ಷೆ ಅಂದುಕೊಳ್ಳಬೇಡಿ. 2023ರಲ್ಲಿ ಇಲ್ಲೇ ಷಾರ್ಲೆಟ್ ಟ್ರ್ಯಾಕಿನಲ್ಲಿ ಡೆನ್ನಿ ಹ್ಯಾಮ್ಲಿನ್‌ಗೆ ಇದೇ ಥರ ಕೊಟ್ಟ ಚೇಸ್ ಎಲಿಯಟ್‌ನನ್ನು ಒಂದು ರೇಸ್ ಹೊರಗಿಟ್ಟರು. ಅಭಿಮಾನಿಗಳು ವರ್ಷ ವರ್ಷ ವೋಟು ಹಾಕಿ ಅತಿ ಜನಪ್ರಿಯ ಡ್ರೈವರ್ ಪ್ರಶಸ್ತಿ ಗೆಲ್ಲಿಸುವ ಮುದ್ದಿನ ಹುಡುಗ ಅವನು. ಹೋಸೆವಾರ್ ಮರುವರ್ಷ ಅಟ್ಲಾಂಟಾದಲ್ಲಿ ಎರಡನೆಯವನಾಗಿ ಬಂದಾಗ ಅವನು ಓಡಿಸಿದ ರೀತಿಗೆ ರೇಗಿದ ಡ್ರೈವರುಗಳಾದ ರಾಸ್ ಚಾಸ್ಟೇನ್, ರಯಾನ್ ಬ್ಲೇನಿ ಇಬ್ಬರೂ ಅವನ ಹತ್ತಿರ ಹೋಗಿ, ಕ್ಯಾಮೆರಾ ಮುಂದೆಯೇ ಮುಖಕ್ಕೆ ಹೇಳಬೇಕಾದ್ದನ್ನು ಹೇಳಿದರು. ಮುಂದಿನ ಭಾನುವಾರ ಮತ್ತೆ ರೇಸು.

ನಮ್ಮವರ ವಿಷಯದಲ್ಲಿ ನನಗೆ ರೇಗುವುದು ಇನ್ನೊಂದಕ್ಕೆ. ದೆಹಲಿಯಿಂದ ಬಂದ ಕೊಹ್ಲಿ ಮುಷ್ಟಿ ಬಿಗಿದು ಕೂಗಿದರೆ ನಮಗದು ಕಿಚ್ಚು. 2025ರ ಏಪ್ರಿಲ್‌ನಲ್ಲಿ ನಮ್ಮದೇ ಹುಡುಗ ಕೆ.ಎಲ್. ರಾಹುಲ್ ಡೆಲ್ಲಿ ಪರ ಔಟಾಗದೆ 93 ಹೊಡೆದು, ಆರ್‌ಸಿಬಿಯನ್ನು ಸೋಲಿಸಿ, ಚಿನ್ನಸ್ವಾಮಿಯಲ್ಲಿ ಬ್ಯಾಟಿನಿಂದ ಗೆರೆ ಎಳೆದು ಇದು ನನ್ನ ಜಾಗ ಅಂತ ಕುಟ್ಟಿದ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪನ ಮೆಸೇಜು: "ಜಾಸ್ತಿ ಆಯ್ತು ಇವನದ್ದು." ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಹೊರಗಿನವರು ಎಗರಾಡಬಹುದು, ಮನೆ ಮಕ್ಕಳು ಮಾತ್ರ ಕೈಕಟ್ಟಿ ನಿಂತಿರಬೇಕು. ಇದ್ಯಾವ ನ್ಯಾಯ?

ಇಲ್ಲಿಯದ್ದೆಲ್ಲ ಚೆನ್ನ ಅಂತಲೂ ಅಲ್ಲ ಬಿಡಿ. ಅದೇ 2025ರಲ್ಲಿ ಹೋಸೆವಾರ್ ಮೆಕ್ಸಿಕೋ ಸಿಟಿಗೆ ಹೋಗಿ, ಲೈವ್ ಸ್ಟ್ರೀಮಿನಲ್ಲಿ ಆ ಊರನ್ನೇ ಹೀಯಾಳಿಸಿ, ಮತ್ತೆ 50,000 ಡಾಲರ್ ದಂಡ ಕಟ್ಟಿದ. ಊಟ ಹಾಕಿದ ಊರನ್ನು ಬೈಯಬಾರದು ಅಂತ ಮನೆಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು. ಮತ್ತೆ, ಭದ್ರಾವತಿಯ ವಿಶಿ ಇದ್ದಾರಲ್ಲ. 1980ರ ಬಾಂಬೆ ಟೆಸ್ಟ್‌ನಲ್ಲಿ ಕ್ಯಾಪ್ಟನ್ ಆಗಿದ್ದ ಜಿ.ಆರ್. ವಿಶ್ವನಾಥ್, ಅಂಪೈರ್ ತಪ್ಪಾಗಿ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟ 171ಕ್ಕೆ ಹೋಯಿತು, ನಾವು 10 ವಿಕೆಟ್‌ನಿಂದ ಸೋತೆವು. ಅಪ್ಪ ಆ ಕಥೆ ಹೇಳಿಯೇ ನಮ್ಮನ್ನು ಬೆಳೆಸಿದ್ದು. ಅದನ್ನು ನಾಸ್ಕಾರ್ ಅಭಿಮಾನಿಗೆ ಹೇಳಿದರೆ ಸೋತದ್ದಷ್ಟೇ ಕಿವಿಗೆ ಬೀಳುತ್ತದೆ. ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಆ ಸಂಕೋಚ, ಆ ಮರ್ಯಾದೆ ನಮ್ಮ ಮಣ್ಣಿನದ್ದೇ. ಇಲ್ಲ ಅನ್ನುವುದು ಹೇಗೆ?

ಆದರೆ ವಿಶಿಯವರಿಗೆ ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ, ಅವರು ತಾವಾಗಿಯೇ ಬಿಟ್ಟುಕೊಟ್ಟರು. ನಮ್ಮ ಕ್ಯಾಪ್ಟನ್ ಅಣ್ಣಂದಿರು ಏನನ್ನೂ ಬಿಟ್ಟುಕೊಡಲಿಲ್ಲ. ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಇದನ್ನೇ ಹೇಳಿದೆ.

"ಅಲ್ಲಿಗೆ ಹೋಗಿ ಮಾತು ಜಾಸ್ತಿ ಕಲಿತಿದ್ದೀಯ" ಅಂದರು ಅಪ್ಪ.