ನದಿಯೊಳಗಿನ ಕಳ್ಳನ ಗಂಟು

ಇಟಲಿಗೆ ಹೋದವರು ಪೀಸಾದ ವಾಲಿದ ಗೋಪುರಕ್ಕೆ ಕೈ ಕೊಟ್ಟು ಒಂದು ಫೋಟೋ ಹೊಡೆಸಿಕೊಂಡರೆ ಪ್ರವಾಸ ಮುಗೀತು. ಬೂಟಿನಂಥ ಆ ದೇಶದ ಕಾಲ್ಬೆರಳಿನ ಹತ್ತಿರ, ಕಲಾಬ್ರಿಯಾದಲ್ಲಿ, ಕೊಸೆಂಜಾ ಅಂತ ಒಂದು ಹಳೇ ಊರಿದೆ. ಅದರ ಕಡೆ ಯಾರೂ ತಲೆ ಹಾಕುವುದಿಲ್ಲ. ಆ ಊರಿಗೂ ಇದೇ ಕೊರಗು. ಹಾಗಾಗಿ ಜನರನ್ನು ಕರೆಸಲು ಅದು ಒಬ್ಬ ಕಳ್ಳನನ್ನು ಹಿಡಿದುಕೊಂಡಿದೆ.

ಕಳ್ಳನೆಂದರೆ ಸಾಮಾನ್ಯದವನಲ್ಲ, ಅಲಾರಿಕ್. ಕ್ರಿ.ಶ. 410ರಲ್ಲಿ ರೋಮ್ ನಗರಕ್ಕೆ ನುಗ್ಗಿ ಮೂರು ದಿನ ಲೂಟಿ ಹೊಡೆದ, ವಿಸಿಗಾತ್ ಎಂಬ ಜರ್ಮನಿಕ್ ಬುಡಕಟ್ಟಿನ ದೊರೆ. ಗಂಟು ಕಟ್ಟಿಕೊಂಡು ಆಫ್ರಿಕಾಕ್ಕೆ ಹೊರಟ. ಬಿರುಗಾಳಿಗೆ ಹಡಗು ಹಾಳಾದವು. ಹಿಂದಕ್ಕೆ ಬರುವಾಗ ಕಾಯಿಲೆ ಬಿದ್ದು ಇಲ್ಲೇ ಸತ್ತ. ಅವನ ಕಡೆಯವರು ಬುಸೆಂತೊ ನದಿಯನ್ನೇ ಪಕ್ಕಕ್ಕೆ ತಿರುಗಿಸಿ, ಅದರ ತಳದಲ್ಲಿ ಗುಂಡಿ ತೋಡಿಸಿ, ಹೆಣದ ಜೊತೆ ಸಂಪತ್ತನ್ನೂ ಹೂತು, ಮತ್ತೆ ನೀರು ಬಿಟ್ಟರಂತೆ. ಜಾಗ ಗೊತ್ತಾಗಬಾರದು ಅಂತ ತೋಡಿದವರನ್ನೆಲ್ಲ ಕೊಂದರಂತೆ. ಇಷ್ಟನ್ನೂ ಬರೆದಿಟ್ಟವನು ಜೋರ್ಡಾನೆಸ್ ಎಂಬ ಇತಿಹಾಸಕಾರ, ಅದೂ ಸುಮಾರು 140 ವರ್ಷ ಕಳೆದ ಮೇಲೆ. ಎಲ್ಲರನ್ನೂ ಕೊಂದರೂ ಸುದ್ದಿ ಮಾತ್ರ ಹೇಗೋ ಜೀವ ಉಳಿಸಿಕೊಂಡಿತ್ತು ನೋಡಿ.

ಆ ಬುಸೆಂತೊ ಏನು ಕಾವೇರಿಯಲ್ಲ. ಬೇಸಿಗೆಯಲ್ಲಿ ಕಲ್ಲುಗಳ ನಡುವೆ ನೀರು ದಾರಿ ಹುಡುಕಿಕೊಂಡು ಹೋಗುತ್ತದೆ, ಅಷ್ಟೇ. 1937ರಲ್ಲಿ ಹಿಟ್ಲರನ ಬಂಟ ಹಿಮ್ಲರ್ ಕೂಡ ಈ ನಿಧಿಯ ಆಸೆಗೆ ಇಲ್ಲಿಗೆ ಬಂದಿದ್ದ. ಅವನಿಗೂ ಸಿಗಲಿಲ್ಲ. 2015ರ ಸುಮಾರಿಗೆ ಊರಿನ ಆಡಳಿತಕ್ಕೇ ಹುರುಪು ಬಂತು. ಹುಡುಕಾಟದ ಯೋಜನೆ ಆಯಿತು, ರಾಡಾರ್, ಡ್ರೋನ್ ಅಂತೆಲ್ಲ ಮಾತಾಯಿತು. ಬುಸೆಂತೊ ಹೋಗಿ ಕ್ರಾತಿ ನದಿಗೆ ಸೇರುವ ಕಡೆ ಅಲಾರಿಕನ ಪ್ರತಿಮೆ ಎದ್ದಿತು. ಅಲ್ಲೇ ಅವನ ಹೆಸರಲ್ಲಿ ಮ್ಯೂಸಿಯಂ ಕಟ್ಟೋಣ ಅಂತ ಹಳೇ ಹೋಟೆಲೊಂದನ್ನು ಕೆಡವಲು ಹೊರಟರು. ಮ್ಯೂಸಿಯಮ್ಮಿನಲ್ಲಿ ಇಡಲು ಅಲಾರಿಕನ ಅಂಗಿಯ ಒಂದು ಗುಂಡಿಯೂ ಸಿಕ್ಕಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂದರೆ ಇದೇ ಅಲ್ವಾ?

ನಗಬೇಡಿ. ನಮ್ಮಲ್ಲೂ ಅಮಾವಾಸ್ಯೆ ರಾತ್ರಿ ಬಸವಣ್ಣನ ವಿಗ್ರಹ ಕಿತ್ತು ಕೆಳಗೆ ಅಗೆಯುವವರಿದ್ದಾರೆ. ಅವರನ್ನು ನಿಧಿಗಳ್ಳರು ಅಂತೀವಿ. ಅದೇ ಕೆಲಸವನ್ನು ಹಗಲಲ್ಲಿ, ಬಜೆಟ್ಟಿನ ಸಮೇತ ಮಾಡಿದರೆ ಪ್ರವಾಸೋದ್ಯಮ.

ಸುಮ್ನೆ ನದಿ ನೋಡಿಕೊಂಡು ನಿಲ್ಲುವ ಬದಲು ತಿರುಗಿ ಗುಡ್ಡ ಹತ್ತಿ. ಕಡಿದಾದ ಓಣಿ. ಒಂದು ಮನೆ ಬೀಳದ ಹಾಗೆ ಊರುಗೋಲು ಕೊಟ್ಟಿದ್ದಾರೆ. ಇನ್ನೊಂದರ ಗೋಡೆಯ ಬಿರುಕಿನಲ್ಲಿ ಅಂಜೂರದ ಗಿಡ ಬೇರು ಬಿಟ್ಟಿದೆ. ಎದುರು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಒಣಗುತ್ತಿದೆ, ಅಂದರೆ ಒಳಗೆ ಜನ ಇದ್ದಾರೆ. ಇವರನ್ನು ಹುಡುಕಲು ರಾಡಾರ್ ಬೇಡ, ಬಾಗಿಲು ತಟ್ಟಿದರೆ ಸಾಕು. ಬಹುಶಃ ಅದಕ್ಕೇ ಯಾರೂ ತಟ್ಟುವುದಿಲ್ಲ.

ಮೇಲಿನ ಕಥೆಡ್ರಲ್ 1222ರಲ್ಲಿ ಪ್ರತಿಷ್ಠಾಪನೆಯಾದದ್ದು, ಚಕ್ರವರ್ತಿ ಎರಡನೇ ಫ್ರೆಡರಿಕನ ಸಮ್ಮುಖದಲ್ಲಿ. ಅವನು ಕೊಟ್ಟನೆನ್ನುವ ಚಿನ್ನದ ಶಿಲುಬೆ ಊರಿನ ಮ್ಯೂಸಿಯಮ್ಮಿನಲ್ಲೇ ಇದೆ. ಚಿನ್ನವೇ ಬೇಕಿದ್ದರೆ ಇದು ಕಣ್ಣಿಗೆ ಕಾಣುವ ಚಿನ್ನ. ಆದರೆ ಕಾಣುವ ಚಿನ್ನಕ್ಕೆ ಮಜಾ ಎಲ್ಲಿ? ಇನ್ನೊಂದು ತಮಾಷೆ ಕೇಳಿ. ಜಗತ್ತನ್ನು ನಮ್ಮ ಕಣ್ಣು, ಕೈ, ಕಿವಿಯಿಂದಲೇ ತಿಳಿಯಬೇಕು ಅಂತ ವಾದಿಸಿದ ತತ್ವಜ್ಞಾನಿ ಬೆರ್ನಾರ್ದಿನೊ ತೆಲೆಸಿಯೊ ಇದೇ ಊರಿನವನು. ಚೌಕದಲ್ಲಿ ಅವನಿಗೂ ಪ್ರತಿಮೆ ಇದೆ. ಕೆಳಗೆ ನದಿಯಲ್ಲಿ ನಡೆಯುವ ಹುಡುಕಾಟದ ಬಗ್ಗೆ ಅವನಂತೂ ತುಟಿ ಬಿಚ್ಚಿಲ್ಲ.

ಒಂದು ವೇಳೆ ನಿಧಿ ಸಿಕ್ಕಿತು ಅಂತಿಟ್ಟುಕೊಳ್ಳಿ. 408ರಲ್ಲಿ ರೋಮಿಗೆ ಮುತ್ತಿಗೆ ಹಾಕಿದ್ದಾಗ ಅದನ್ನು ತೆಗೆಯಲು ಅಲಾರಿಕ್ ಕೇಳಿದ ಪಟ್ಟಿಯಲ್ಲಿ 5,000 ಪೌಂಡ್ ಚಿನ್ನದ ಜೊತೆ 3,000 ಪೌಂಡ್ ಕರಿಮೆಣಸೂ ಇತ್ತು. ಆ ಕಾಲದಲ್ಲಿ ರೋಮಿಗೆ ಮೆಣಸು ಹಡಗೇರಿ ಹೋಗುತ್ತಿದ್ದದ್ದು ನಮ್ಮ ಪಡುವಣ ಕರಾವಳಿಯಿಂದ. ಚಿನ್ನ ಅವರೇ ಇಟ್ಟುಕೊಳ್ಳಲಿ. ಮೆಣಸಿನ ಮೂಟೆ ವಾಪಸ್ ತರಿಸಲು ಶಿರಸಿಯಲ್ಲಿ ಈಗಲೇ ಒಂದು ಸಮಿತಿ ಮಾಡಿಬಿಡೋಣ. ಅಧ್ಯಕ್ಷರು ಪರಿಶೀಲನೆಗೆ ಇಟಲಿಗೆ ಹೋಗಬೇಕಾಗುತ್ತದೆ. ಹೋಗುವಾಗ ಹೇಗೂ ಪೀಸಾ ದಾರಿಯಲ್ಲೇ ಇದೆ ಅಂತಾರೆ.