ಎಂ.ಟೆಕ್ ದಂಡ ಅಲ್ಲ ಸರ್

ಕೆಲಸ ಇದ್ದವರಿಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುವುದು ದಂಡ, ಎರಡು ವರ್ಷದ ಸಂಬಳ ಹೋಗುತ್ತದೆ ಅಷ್ಟೇ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತೇನೆ, ತಂಡದಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಯ ಹುಡುಗರು ಬಹಳ. ಕೋಡ್ ಬರೆಯಲು ಎಲ್ಲರಿಗೂ ಬರುತ್ತದೆ. ಹಳೇ ಕೋಡನ್ನು ಹೊಸ ಕಡೆ ಹಾಕುವಾಗ ಅದು ಏನೇನು ನಂಬಿಕೊಂಡು ಕೂತಿದೆ ಅಂತ ಕೇಳುವವರೇ ಕಡಿಮೆ. 1996ರಲ್ಲಿ ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಚೂರಾಗಿದ್ದು ಹೀಗೇ ಅಲ್ಲವೇ? ಅದರ ಹಿಂದಿನ ರಾಕೆಟ್ ಏರಿಯಾನ್ 4ರಲ್ಲಿ ಸರಿಯಾಗಿದ್ದ ತಂತ್ರಾಂಶವನ್ನೇ ತೆಗೆದುಕೊಂಡರು. ಹೊಸ ರಾಕೆಟ್‌ನ ವೇಗ ಹೆಚ್ಚು, ಅದರ ಲೆಕ್ಕದ 64 ಬಿಟ್‌ನ ಸಂಖ್ಯೆ 16 ಬಿಟ್‌ನ ಚಿಕ್ಕ ಜಾಗದಲ್ಲಿ ಹಿಡಿಯಲಿಲ್ಲ. ಅದೂ ನೆಲ ಬಿಟ್ಟ ಮೇಲೆ ಬೇಕೇ ಇಲ್ಲದ ಲೆಕ್ಕ! ಎಂ.ಟೆಕ್‌ನ ರಿಕ್ವೈರ್‌ಮೆಂಟ್ (ತಂತ್ರಾಂಶ ಏನು ಮಾಡಬೇಕು ಅನ್ನುವುದು), ಟೆಸ್ಟಿಂಗ್, ವೆರಿಫಿಕೇಶನ್ (ಹಾಗೇ ಮಾಡುತ್ತದೆಯೇ ಅಂತ ತಾಳೆ ನೋಡುವುದು) ಪಾಠಗಳು ಈ ಪ್ರಶ್ನೆ ಕೇಳುವುದನ್ನೇ ಕಲಿಸುತ್ತವೆ. ಡೆಡ್‌ಲೈನ್ ನಡುವೆ ಕಂಪನಿಯಲ್ಲಿ ಅದಕ್ಕೆ ಪುರುಸೊತ್ತು ಎಲ್ಲಿದೆ?

ಕಾಲೇಜು ನೋಡಿ ಸೇರಬೇಕು ಅಂದಿದ್ದು ಮಾತ್ರ ಸರಿ. ಆದರೆ ಗೇಟ್ (ಎಂ.ಟೆಕ್ ಪ್ರವೇಶ ಪರೀಕ್ಷೆ) ಬರೆದು ಮುಂಬೈ ಐಐಟಿಯಂಥ ಕಡೆ ಬೋಧನಾ ಸಹಾಯಕರಾಗಿ ಸೇರಿದರೆ ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ. ಮನೆಗೆ ಭಾರವಾಗುತ್ತೇವೆ ಅಂತ ಹೆದರುವ ನಮ್ಮ ಕಡೆ ಮಕ್ಕಳಿಗಾಗಿ ಇದನ್ನು ದಯವಿಟ್ಟು ಲೇಖನದಲ್ಲಿ ಸೇರಿಸಿ.