ಗುಟ್ಟು ಯಾರಿಗೆ ತಿಳಿಯಬಾರದೆಂದು?

ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ನಿರ್ದೇಶಕರಾಗಿದ್ದ ರಿಚರ್ಡ್ ಹೆಲ್ಮ್ಸ್ 1970ರ ಸೆಪ್ಟೆಂಬರ್ 15ರಂದು ಶ್ವೇತಭವನದಲ್ಲಿ ಕುಳಿತು, ಅಧ್ಯಕ್ಷ ನಿಕ್ಸನ್ ಹೇಳುತ್ತಿದ್ದುದನ್ನು ಒಂದು ಹಾಳೆಯ ಮೇಲೆ ಗೀಚಿಕೊಂಡರು. ಆ ಹಾಳೆಯ ಪ್ರತಿಯನ್ನು ಈಗ ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಗೆಲ್ಲುವ ಸಾಧ್ಯತೆ ಹತ್ತರಲ್ಲಿ ಒಂದಿರಬಹುದು, ಆದರೂ ಚಿಲಿಯನ್ನು ಉಳಿಸಿ. ಅಪಾಯದ ಚಿಂತೆ ಬೇಡ. ರಾಯಭಾರ ಕಚೇರಿಗೆ ಸಂಬಂಧ ಬೇಡ. 1 ಕೋಟಿ ಡಾಲರ್ ಇದೆ, ಬೇಕಾದರೆ ಇನ್ನೂ ಉಂಟು. ಆರ್ಥಿಕತೆ ಚೀರಿಡುವಂತೆ ಮಾಡಿ. ಯೋಜನೆ 48 ಗಂಟೆಯಲ್ಲಿ ಬರಲಿ. ಅವಸರದ ಕೈಬರಹ, ಅರ್ಧಂಬರ್ಧ ಸಾಲುಗಳು. ಮೊದಲ ಬಾರಿ ನೋಡಿದಾಗ ನನಗೆ ಅದು ತಿಂಗಳ ಸಾಮಾನಿನ ಚೀಟಿಯಂತೆ ಕಂಡಿತ್ತು.

ಚಿಲಿ ಮಾಡಿದ ತಪ್ಪೇನೆಂದರೆ, ಹನ್ನೊಂದು ದಿನಗಳ ಹಿಂದೆ, ಸೆಪ್ಟೆಂಬರ್ 4ರಂದು, ಅಲ್ಲಿನ ಮತದಾರರು ಸಮಾಜವಾದಿ ಸಾಲ್ವಡಾರ್ ಅಲೆಂಡೆಯವರನ್ನು ಅಧ್ಯಕ್ಷೀಯ ಚುನಾವಣೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದರು. ಅವರಿಗೆ ಬಂದಿದ್ದು ಶೇ 36ರಷ್ಟು ಮತ ಮಾತ್ರ. ಯಾರಿಗೂ ಬಹುಮತವಿಲ್ಲದಾಗ ಸಂಸತ್ತೇ ಆಯ್ಕೆ ಮಾಡಬೇಕೆಂಬುದು ಅಲ್ಲಿನ ಸಂವಿಧಾನದ ನಿಯಮವಾಗಿದ್ದರಿಂದ, ಅಕ್ಟೋಬರ್ 24ರಂದು ನಡೆಯಬೇಕಿದ್ದ ಆ ಮತದಾನಕ್ಕೆ ಮುಂಚೆ ಹೇಗಾದರೂ ಅಡ್ಡಗಾಲು ಹಾಕಬೇಕೆಂಬುದು ವಾಷಿಂಗ್ಟನ್ನಿನ ಆತುರವಾಗಿತ್ತು.

ಸರ್ಕಾರದ ಗೌಪ್ಯತೆ, ಕಂಪನಿಗಳ ಬಲ, ವಿದೇಶಾಂಗ ನೀತಿ ಈ ಮೂರೂ ಒಂದೇ ಹಗ್ಗದ ಎಳೆಗಳು ಎಂದು ನಾವು ಎಡಪಂಥೀಯರು ಹೇಳಿದಾಗಲೆಲ್ಲ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ಒಮ್ಮೊಮ್ಮೆ ಹುರುಳೂ ಇರುತ್ತದೆ, ಏಕೆಂದರೆ ನಮ್ಮಲ್ಲಿ ಅನೇಕರು ಪುರಾವೆ ಹುಡುಕುವ ಶ್ರಮಕ್ಕಿಂತ ಘೋಷಣೆ ಕೂಗುವ ಸುಖವನ್ನೇ ಆರಿಸಿಕೊಂಡಿದ್ದೇವೆ. ಆದರೆ ಚಿಲಿಯ ವಿಷಯದಲ್ಲಿ ಊಹೆ ಮಾಡಬೇಕಾದ ಅಗತ್ಯವೇ ಇಲ್ಲ. ಅಮೆರಿಕದ ಸೆನೆಟ್ ಸಮಿತಿಗಳ ವರದಿಗಳು, ಪ್ರಮಾಣ ಮಾಡಿ ಕೊಟ್ಟ ಸಾಕ್ಷ್ಯಗಳು, 1999ರಿಂದ ಹೊರಬಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ದಾಖಲೆಗಳು ನಮ್ಮ ಮುಂದಿವೆ.

ಆ ಸೆಪ್ಟೆಂಬರ್ 15ರ ಸಭೆ ಹೇಗೆ ಕೂಡಿತು ಎನ್ನುವುದನ್ನೇ ನೋಡಿ. ಚಿಲಿಯ ಅತಿ ದೊಡ್ಡ ಪತ್ರಿಕೆ 'ಎಲ್ ಮೆರ್ಕುರಿಯೊ'ದ ಮಾಲೀಕ ಅಗಸ್ಟಿನ್ ಎಡ್ವರ್ಡ್ಸ್ ಚುನಾವಣೆಯ ಬೆನ್ನಲ್ಲೇ ವಾಷಿಂಗ್ಟನ್‌ಗೆ ಬಂದಿಳಿದಿದ್ದರು. ಅವರ ಮಿತ್ರ, ಪೆಪ್ಸಿ ಕಂಪನಿಯ ಮುಖ್ಯಸ್ಥ ಡೊನಾಲ್ಡ್ ಕೆಂಡಾಲ್, ನಿಕ್ಸನ್ನರಿಗೂ ಹಳೆಯ ಆಪ್ತ. ನಿಕ್ಸನ್ ವಕೀಲಿ ಮಾಡುತ್ತಿದ್ದ ಕಾಲದಲ್ಲಿ ತಮ್ಮ ಕಂಪನಿಯ ಕೆಲಸ ಕೊಟ್ಟವರು. ಅಂದು ಬೆಳಗಿನ ಉಪಾಹಾರಕ್ಕೆ ಎಡ್ವರ್ಡ್ಸ್, ಕೆಂಡಾಲ್ ಮತ್ತು ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಜೊತೆಗೆ ಕುಳಿತರು. ಹೆಲ್ಮ್ಸರೂ ಎಡ್ವರ್ಡ್ಸರನ್ನು ಕಂಡು ಮಾತನಾಡಿದರು. ಆಮೇಲೆ ಅಧ್ಯಕ್ಷರ ಕರೆ ಬಂದಿತು. ಎಡ್ವರ್ಡ್ಸ್ ಊರಿನಲ್ಲಿದ್ದುದರಿಂದಲೇ ಆ ಸಭೆ ಕರೆದಿರಬೇಕೆಂದು ತಮಗೆ ಅನ್ನಿಸಿತ್ತು ಎಂದು ಹೆಲ್ಮ್ಸರೇ ಮುಂದೆ ಸೆನೆಟ್ ಸಮಿತಿಗೆ ತಿಳಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಅದೇ ಪತ್ರಿಕೆಗೆ ಸಿಐಎಯಿಂದ 16 ಲಕ್ಷಕ್ಕೂ ಹೆಚ್ಚು ಡಾಲರ್ ಮಂಜೂರಾಯಿತು. ಅಲೆಂಡೆ ಪತ್ರಿಕಾ ಸ್ವಾತಂತ್ರ್ಯದ ಕುತ್ತಿಗೆ ಹಿಸುಕುತ್ತಿದ್ದಾರೆ ಎಂದು ಆ ಪತ್ರಿಕೆ ಬರೆಯುತ್ತಿದ್ದಾಗ, ಅದರ ಹಿಂದೆ ಇನ್ನೊಂದು ದೇಶದ ಬೊಕ್ಕಸದ ಹಣವಿದೆ ಎಂಬುದು ಅದರ ಓದುಗರಿಗೆ ಗೊತ್ತಿರಲಿಲ್ಲ.

ಅಮೆರಿಕದ ದೂರಸಂಪರ್ಕ ಕಂಪನಿ ಐಟಿಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಚಿಲಿಯ ದೂರವಾಣಿ ಸಂಸ್ಥೆಯ ಶೇ 70ರಷ್ಟು ಷೇರು ಐಟಿಟಿಯದಾಗಿತ್ತು. ಅಲೆಂಡೆ ಗೆದ್ದರೆ ಅದು ರಾಷ್ಟ್ರೀಕರಣವಾಗುವುದು ಖಚಿತವಿತ್ತು. ಹಿಂದೆ ಸಿಐಎಯ ನಿರ್ದೇಶಕರಾಗಿದ್ದ ಜಾನ್ ಮೆಕೋನ್ ಆಗ ಐಟಿಟಿಯ ಆಡಳಿತ ಮಂಡಳಿಯ ಸದಸ್ಯರು, ಜೊತೆಗೆ ಸಿಐಎಗೆ ಸಲಹೆಗಾರರೂ ಹೌದು. ಒಂದೇ ಮನುಷ್ಯ, ಎರಡು ಕುರ್ಚಿ. ಅಲೆಂಡೆಯನ್ನು ತಡೆಯುವ ಸರ್ಕಾರಿ ಯೋಜನೆ ಯಾವುದಾದರೂ ಇದ್ದರೆ ಅದಕ್ಕೆ 10 ಲಕ್ಷ ಡಾಲರ್ ಕೊಡಲು ಕಂಪನಿಯ ಮುಖ್ಯಸ್ಥ ಹೆರಾಲ್ಡ್ ಜೆನೀನ್ ಸಿದ್ಧರಿದ್ದಾರೆಂದು ಮೆಕೋನರೇ ಹೆಲ್ಮ್ಸ್ ಮತ್ತು ಕಿಸಿಂಜರ್ ಇಬ್ಬರಿಗೂ ತಿಳಿಸಿದ್ದರು. ಆ ಹಣವನ್ನು ಸರ್ಕಾರ ತೆಗೆದುಕೊಳ್ಳಲಿಲ್ಲ. ಆದರೆ ಅದೇ ತಿಂಗಳಲ್ಲಿ ಸಿಐಎಯ ಅಧಿಕಾರಿಯೊಬ್ಬರು ಐಟಿಟಿಯ ಹಿರಿಯ ಅಧಿಕಾರಿಯನ್ನು ಕಂಡು, ಬ್ಯಾಂಕುಗಳು ಸಾಲ ತಡೆಹಿಡಿಯಲಿ, ಕಂಪನಿಗಳು ಹಣ ಮತ್ತು ಬಿಡಿಭಾಗಗಳನ್ನು ಕಳಿಸುವುದನ್ನು ಎಳೆದಾಡಲಿ ಎಂಬ ಪಟ್ಟಿಯನ್ನು ಒಪ್ಪಿಸಿದರು. ಇದು ಆಗುಹೋಗುವ ಮಾತಲ್ಲ ಎಂದು ಐಟಿಟಿಯವರೇ ಮೂಗು ಮುರಿದರು. ಕಂಪನಿಗಳು ಸರ್ಕಾರವನ್ನು ಕುಣಿಸುತ್ತವೆ ಎಂಬುದು ನಮ್ಮ ಕಡೆಯ ಸುಲಭದ ಮಾತು. ಇಲ್ಲಿ ನೋಡಿದರೆ ಕೆಲವೊಮ್ಮೆ ಕಂಪನಿ ಸರ್ಕಾರವನ್ನು ತಳ್ಳುತ್ತಿದೆ, ಕೆಲವೊಮ್ಮೆ ಸರ್ಕಾರವೇ ಕಂಪನಿಯನ್ನು ತಳ್ಳುತ್ತಿದೆ, ಮತ್ತು ಇಬ್ಬರ ನಡುವಿನ ಬಾಗಿಲಿಗೆ ಚಿಲಕವೇ ಇಲ್ಲ.

ಈ ಪತ್ರವ್ಯವಹಾರ ಹೊರಬಂದಿದ್ದು ಸರ್ಕಾರದ ಕೃಪೆಯಿಂದಲ್ಲ. ಐಟಿಟಿಯ ಒಳಗಿನ ಕಾಗದಗಳು ಅಂಕಣಕಾರ ಜ್ಯಾಕ್ ಆಂಡರ್ಸನ್ ಅವರ ಕೈಸೇರಿ 1972ರ ಮಾರ್ಚ್‌ನಲ್ಲಿ ಪ್ರಕಟವಾದವು. ಅದರ ಮೇಲೆ ಸೆನೆಟರ್ ಫ್ರ್ಯಾಂಕ್ ಚರ್ಚ್ ಅವರ ಸಮಿತಿ 1973ರಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಇಷ್ಟಾದ ಮೇಲೂ ಬಾಧ್ಯತೆ ಯಾರ ಹೆಗಲಿಗೆ ಬಿತ್ತು? ಐಟಿಟಿ ತನ್ನ ಚಿಲಿಯ ಆಸ್ತಿಗೆ ಅಮೆರಿಕ ಸರ್ಕಾರದ್ದೇ ಆದ ಹೂಡಿಕೆ ವಿಮಾ ಸಂಸ್ಥೆಯಲ್ಲಿ ವಿಮೆ ಮಾಡಿಸಿತ್ತು. ಕಂಪನಿ ತಾನೇ ಕೆಣಕಿ ತಂದುಕೊಂಡ ನಷ್ಟಕ್ಕೆ ವಿಮೆ ಸಲ್ಲುವುದಿಲ್ಲವಾದ್ದರಿಂದ 1973ರಲ್ಲಿ ಆ ಸಂಸ್ಥೆ 9 ಕೋಟಿ ಡಾಲರಿಗೂ ಮೀರಿದ ಬೇಡಿಕೆಯನ್ನು ತಳ್ಳಿಹಾಕಿತು. ಮರುವರ್ಷ ಪಂಚಾಯಿತಿದಾರರು ಕಂಪನಿಯ ಪರವಾಗಿ ತೀರ್ಪು ಕೊಟ್ಟರು. ಆದರೆ ಅಲೆಂಡೆಯ ಎದುರಾಳಿ ಅಲೆಸ್ಸಾಂಡ್ರಿಯವರ ಪ್ರಚಾರಕ್ಕೆ ಐಟಿಟಿ 3,50,000 ಡಾಲರನ್ನು ಸಿಐಎಯ ಸಲಹೆ ಪಡೆದು ಸಾಗಿಸಿತ್ತು ಎಂಬ ಸಂಗತಿ ಸೆನೆಟ್ ವರದಿಯಲ್ಲಿ ಬಂದದ್ದು 1975ರ ಡಿಸೆಂಬರಿನಲ್ಲಿ. ವಿಮೆಯ ತೀರ್ಮಾನ ಆಗುವಾಗ ಈ ಕಾಗದ ಬೀರುವಿನೊಳಗಿತ್ತು. ರಾಷ್ಟ್ರೀಯ ಭದ್ರತೆ ಎಂಬ ಬೀಗ ಅಲ್ಲಿ ಕಾಯ್ದುದು ಒಂದು ಖಾಸಗಿ ಕಂಪನಿಯ ವಿಮಾ ಹಣವನ್ನು.

ಎಲ್ಲ ದೇಶಗಳೂ ಗುಟ್ಟು ಕಾಯುತ್ತವಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ಕಾಯಲಿ. ಸೈನ್ಯ ಎಲ್ಲಿ ಬೀಡುಬಿಟ್ಟಿದೆ, ಮಾತುಕತೆಯಲ್ಲಿ ನಾವು ಎಲ್ಲಿಯವರೆಗೆ ಬಗ್ಗುತ್ತೇವೆ, ಮಾಹಿತಿ ಕೊಟ್ಟವರ ಹೆಸರೇನು ಎಂಬುದನ್ನು ಬಚ್ಚಿಡುವುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಪ್ರಕರಣದಲ್ಲಿ ಯಾರಿಗೆ ಏನು ಗೊತ್ತಿತ್ತು ಎಂದು ಕೇಳಿಕೊಳ್ಳಿ. ಅಲೆಂಡೆ ಅಧಿಕಾರಕ್ಕೆ ಬರದಂತೆ ಸಿಐಎ ಜೊತೆ ಸೇರಿ ಸಂಚು ಹೂಡಿದ ಚಿಲಿಯ ಜನರಲ್‌ಗಳಿಗೆ ಗೊತ್ತಿತ್ತು, ಪತ್ರಿಕೆಯ ಮಾಲೀಕರಿಗೆ ಗೊತ್ತಿತ್ತು, ಕಂಪನಿಯ ಆಡಳಿತ ಮಂಡಳಿಗೆ ಗೊತ್ತಿತ್ತು. ಅಲೆಂಡೆಯವರು 1972ರ ಡಿಸೆಂಬರ್ 4ರಂದು ವಿಶ್ವಸಂಸ್ಥೆಯಲ್ಲಿ ನಿಂತು ಐಟಿಟಿಯ ಹೆಸರು ಹಿಡಿದೇ ಹೇಳಿದ್ದರು. ಗೊತ್ತಿಲ್ಲದವರೆಂದರೆ ಹಣ ತೆತ್ತ ಅಮೆರಿಕದ ನಾಗರಿಕರು. ಚಿಲಿಯಲ್ಲಿದ್ದ ಅವರ ರಾಯಭಾರಿ ಎಡ್ವರ್ಡ್ ಕೊರಿಯವರಿಗೆ ಕೂಡ ಸೇನಾ ದಂಗೆಯ ಯೋಜನೆಯನ್ನು ತಿಳಿಸಿರಲಿಲ್ಲ. ಶತ್ರುವಿಗೆ ತಿಳಿದಿರುವುದನ್ನು ಸ್ವಂತ ಪ್ರಜೆಗಳಿಂದ ಮುಚ್ಚಿಡುವುದಕ್ಕೆ ರಕ್ಷಣೆ ಎಂದು ಹೆಸರಿಡುವುದು ಹೇಗೆ?

ಆ ಯೋಜನೆಯ ಮೊದಲ ಬಲಿ ಸಮಾಜವಾದಿಯೇನಲ್ಲ. ಸೈನ್ಯ ಸಂವಿಧಾನಕ್ಕೆ ತಲೆಬಾಗಬೇಕೆಂದು ಪಟ್ಟು ಹಿಡಿದಿದ್ದ ಚಿಲಿಯ ಭೂಸೇನಾ ಮುಖ್ಯಸ್ಥ ಜನರಲ್ ರೆನೆ ಶ್ನೈಡರ್. ಅವರನ್ನು ಅಪಹರಿಸಲು ಹೊರಟ ಗುಂಪು ಅಕ್ಟೋಬರ್ 22ರಂದು ಗುಂಡು ಹಾರಿಸಿತು. ಮೂರು ದಿನಗಳ ನಂತರ ಅವರು ತೀರಿಕೊಂಡರು. ಕೊಂದ ಗುಂಪಿನವರಿಗೆ ಆಮೇಲೆ ಸಿಐಎ 35,000 ಡಾಲರ್ ಕೊಟ್ಟಿತ್ತು ಎಂದು ಆ ಸಂಸ್ಥೆಯೇ 2000ದಲ್ಲಿ ಒಪ್ಪಿಕೊಂಡಿತು. ಶ್ನೈಡರ್ ಕುಟುಂಬದವರು 2001ರಲ್ಲಿ ಕಿಸಿಂಜರ್ ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರೆ, ಇದು ವಿದೇಶಾಂಗ ನೀತಿಗೆ ಸೇರಿದ ರಾಜಕೀಯ ಪ್ರಶ್ನೆ, ನ್ಯಾಯಾಲಯ ಕೈಹಾಕುವಂಥದ್ದಲ್ಲ ಎಂದು ಅದು ವಜಾ ಆಯಿತು. ಅಲೆಂಡೆ ಅಧ್ಯಕ್ಷರಾದರು, ಮೂರು ವರ್ಷ ಆಳಿದರು, 1973ರ ಸೆಪ್ಟೆಂಬರ್ 11ರಂದು ಸೇನೆ ದಂಗೆಯೆದ್ದು ಅಧ್ಯಕ್ಷರ ಅರಮನೆಯ ಮೇಲೆ ವಿಮಾನಗಳು ಬಾಂಬು ಹಾಕಿದ ದಿನ ಸತ್ತರು. ಆ ದಂಗೆಯಿಂದ ಅಧಿಕಾರ ಹಿಡಿದ ಜನರಲ್ ಪಿನೊಚೆಟ್ ಆಳಿಕೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಹತರಾದರು ಅಥವಾ ಕಣ್ಮರೆಯಾದರು.

ಹೆಲ್ಮ್ಸರಿಗೆ ಏನಾಯಿತು? 1973ರ ಫೆಬ್ರುವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ, ಚಿಲಿಯ ಸರ್ಕಾರವನ್ನು ಉರುಳಿಸಲು ಯತ್ನಿಸಿದಿರಾ ಎಂದು ಕೇಳಿದಾಗ, ಅಲೆಂಡೆಯ ವಿರೋಧಿಗಳಿಗೆ ಹಣ ಕೊಟ್ಟಿರಾ ಎಂದು ಕೇಳಿದಾಗ, ಅವರು ಇಲ್ಲ ಎಂದಿದ್ದರು. 1977ರಲ್ಲಿ ಅದಕ್ಕಾಗಿ 2,000 ಡಾಲರ್ ದಂಡ ಬಿತ್ತು. ಎರಡು ವರ್ಷದ ಸಜೆ ಅಮಾನತಿನಲ್ಲಿ ಉಳಿಯಿತು. ಅಂದೇ ನಿವೃತ್ತ ಬೇಹುಗಾರರ ಭೋಜನಕೂಟಕ್ಕೆ ಹೋದ ಅವರನ್ನು ಹಳೆಯ ಸಹೋದ್ಯೋಗಿಗಳು ಎದ್ದುನಿಂತು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು, ಮತ್ತು ಕಸದ ಬುಟ್ಟಿಗಳನ್ನು ಸುತ್ತು ಕಳಿಸಿ ದಂಡದ ಮೊತ್ತವನ್ನು ನೋಟು, ಚೆಕ್ಕುಗಳಲ್ಲಿ ತುಂಬಿಸಿಕೊಟ್ಟರು.

ಇನ್ನು ನಮ್ಮ ಮನೆಯ ಮಾತು. ಅಲೆಂಡೆಯ ಪ್ರಚಾರಕ್ಕೆ ಕ್ಯೂಬಾದಿಂದ ಸುಮಾರು 3,50,000 ಡಾಲರ್ ಬಂದಿರಬಹುದೆಂಬ ಸಿಐಎಯ ಅಂದಾಜು ಅದೇ 1975ರ ವರದಿಯಲ್ಲಿದೆ, ಸೋವಿಯತ್ ಹಣದ ಉಲ್ಲೇಖವೂ ಇದೆ. ಐಟಿಟಿ ಕೊಟ್ಟ ಮೊತ್ತವೂ ಅಷ್ಟೇ ಎಂಬುದು ವಿಚಿತ್ರ ಕಾಕತಾಳೀಯ. ನಮ್ಮವರ ಲೇಖನಗಳಲ್ಲಿ ಒಂದು ಮೂರೂವರೆ ಲಕ್ಷ ಎದ್ದು ಕಾಣುತ್ತದೆ, ಇನ್ನೊಂದು ಮಾಯವಾಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಭಾರತದಲ್ಲಿ ನಡೆಯಿತು. ಅಲೆಂಡೆಗೆ ಆದ ಗತಿಯನ್ನು ಇಂದಿರಾ ಗಾಂಧಿಯವರು ಮತ್ತೆ ಮತ್ತೆ ನೆನಪಿಸುತ್ತಿದ್ದರು. ವಿದೇಶಿ ಕೈವಾಡದ ಆ ಭೀತಿ 1975ರ ತುರ್ತುಪರಿಸ್ಥಿತಿಗೆ ನೆಪವಾಗಿಯೂ ಒದಗಿತು, ಭಾರತ ಕಮ್ಯುನಿಸ್ಟ್ ಪಕ್ಷ ಅದನ್ನು ಬೆಂಬಲಿಸಿತು. ಸಿಐಎಯ ಗುಟ್ಟನ್ನು ಖಂಡಿಸುತ್ತಲೇ ಪತ್ರಿಕೆಗಳ ಮೇಲಿನ ಸೆನ್ಸಾರ್ ಕತ್ತರಿಯನ್ನು ಒಪ್ಪಿಕೊಂಡವರು ನಮ್ಮ ಸಾಲಿನಲ್ಲೇ ಇದ್ದರು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ ಸ್ನೇಹಲತಾ ರೆಡ್ಡಿಯವರು ಬಂಡವಾಳಶಾಹಿಯ ಏಜೆಂಟರಾಗಿರಲಿಲ್ಲ, ಸಮಾಜವಾದಿಯಾಗಿದ್ದರು.

ದೂರದ ಚಿಲಿಯ ವಿಷಯ ನನಗೇಕೆ ಇಷ್ಟು ಹತ್ತಿರವೆಂದರೆ, ಹೋದ ವರ್ಷ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ನಮ್ಮ ಊರಿನ ಕಸ ಸಾಗಣೆಯ ಗುತ್ತಿಗೆ ಒಪ್ಪಂದದ ಪ್ರತಿ ಕೊಡಿ ಎಂದು ಒಂದು ಕಚೇರಿಗೆ ಅರ್ಜಿ ಹಾಕಿದ್ದೆ. ಇಪ್ಪತ್ತೆಂಟನೆಯ ದಿನಕ್ಕೆ ಒಂದು ಸಾಲಿನ ಹಿಂಬರಹ ಬಂದಿತು: ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಡಿ) ಪ್ರಕಾರ ವಾಣಿಜ್ಯ ಗೌಪ್ಯತೆ ಇರುವುದರಿಂದ ನೀಡಲು ಅವಕಾಶವಿರುವುದಿಲ್ಲ. ವ್ಯಾಪಕ ಸಾರ್ವಜನಿಕ ಹಿತವಿದ್ದರೆ ಕೊಡಬೇಕೆಂದು ಅದೇ ಕಲಮಿನ ಮುಂದಿನ ಸಾಲಿನಲ್ಲಿರುವುದನ್ನು ಹಿಂಬರಹ ಬರೆದವರು ಓದಿರಲಿಲ್ಲ, ಅಥವಾ ನಾನು ಓದಿರಲಾರೆ ಎಂದುಕೊಂಡಿದ್ದರು. ಮೇಲ್ಮನವಿಯ ವಿಚಾರಣೆಯಲ್ಲಿ ಗುಮಾಸ್ತರೊಬ್ಬರು ಕಡತವನ್ನು ಎದೆಗವಚಿಕೊಂಡು ಕುಳಿತಿದ್ದರು. "ಇದ್ರಲ್ಲೇನೂ ಇಲ್ಲ ಸಾರ್, ನೀವ್ಯಾಕೆ ಸುಮ್ನೆ ತಲೆ ಕೆಡಿಸ್ಕೋತೀರಿ," ಎಂದು ಬಹಳ ಮಮತೆಯಿಂದಲೇ ಹೇಳಿದರು. ಏನೂ ಇಲ್ಲದಿದ್ದರೆ ಕೊಡಬಹುದಲ್ಲ ಎಂಬ ಪ್ರಶ್ನೆ ನನ್ನ ಬಾಯಿಗೆ ಬಂದದ್ದು ಬಸ್ಸಿನಲ್ಲಿ ಕುಳಿತ ಮೇಲೆ.

ಚಿಲಿಯ ಕಡತಗಳಲ್ಲೂ ಇಂಥದ್ದೇ ಒಂದಿತ್ತು. ನಿಕ್ಸನ್ನರ ಮೇಜಿನ ಮೇಲೆ ದಿನವೂ ಬೆಳಿಗ್ಗೆ ಬರುತ್ತಿದ್ದ ಬೇಹುಗಾರಿಕೆ ಸಾರಾಂಶಗಳ ಪೈಕಿ 1973ರ ಸೆಪ್ಟೆಂಬರ್ 8 ಮತ್ತು 11ರವುಗಳಲ್ಲಿದ್ದ ಚಿಲಿಯ ಭಾಗ ದಶಕಗಳ ಕಾಲ ಮುಚ್ಚಿಯೇ ಇತ್ತು. ಚಿಲಿಯ ಸರ್ಕಾರವೇ ಕೇಳಿಕೊಂಡ ಮೇಲೆ, 2023ರ ಆಗಸ್ಟ್‌ನಲ್ಲಿ, ದಂಗೆಗೆ 50 ವರ್ಷ ತುಂಬಲು ಎರಡು ವಾರ ಇರುವಾಗ ಮಸಿ ತೆಗೆದು ಬಿಡುಗಡೆ ಮಾಡಿದರು. ನಾನು ಎರಡನ್ನೂ ಎರಡೆರಡು ಬಾರಿ ಓದಿದೆ. ನೌಕಾಪಡೆಯವರು ಸರ್ಕಾರ ಉರುಳಿಸಲು ಸಂಚು ನಡೆಸಿದ್ದಾರೆ, ಭೂಸೇನೆ ಮತ್ತು ವಾಯುಪಡೆಯ ಬೆಂಬಲವಿದೆ ಎನ್ನುತ್ತಿದ್ದಾರೆ ಎಂದು ಒಂದರಲ್ಲಿದೆ. ಸೇನಾಧಿಕಾರಿಗಳ ಬಳಿ ಇನ್ನೂ ಪರಸ್ಪರ ಸಮನ್ವಯದ ಯೋಜನೆ ಇಲ್ಲದಿರಬಹುದು ಎಂದು ಇನ್ನೊಂದರಲ್ಲಿದೆ. ಕೆಲವೇ ಸಾಲುಗಳು. ಆ ಹೊತ್ತಿಗೆ ನಿಕ್ಸನ್ ತೀರಿಕೊಂಡು 29 ವರ್ಷಗಳಾಗಿದ್ದವು, ಹೆಲ್ಮ್ಸ್ ತೀರಿಕೊಂಡು 20 ವರ್ಷ ಕಳೆದಿತ್ತು. ಕಿಸಿಂಜರ್ ಮಾತ್ರ ನೂರು ವರ್ಷ ತುಂಬಿ ಇನ್ನೂ ಬದುಕಿದ್ದರು.